ಎಂಬತ್ತು ಸಾವಿರದ ಕೋವಿ

ಹನ್ನೊಂದು ಹುಲಿ ಕೊಂದಿದೆ, ಆದರೆ ಒಂದು ನೊಣವನ್ನೂ ಮುಟ್ಟಿಲ್ಲ. ಏನದು? ತಲೆ ಕೆರ್ಕೋಬೇಡಿ, ನಿಮಗೆ ಗೊತ್ತಾಗಲ್ಲ.

ಮಡಿಕೇರಿಯಲ್ಲಿ ಹಳೇ ಕೋವಿಗಳ ಪ್ರದರ್ಶನ, ಮಾರಾಟ. ಮೊಣ್ಣಪ್ಪನವರು ತಮ್ಮ ಅಡುಗೆಯವನನ್ನೂ ಕರ್ಕೊಂಡು ಹೋದರು. ಲೈಸೆನ್ಸ್ ಅವರದು, ನಾಲಗೆ ಇವನದು. "ಅರ್ಧ ಬೆಲೆಗೆ ಕೊಡಿಸದಿದ್ರೆ ನಾಳೆಯಿಂದ ಬೇರೆ ಮನೆ ನೋಡ್ಕೋ" ಅಂತ ಹೆದರಿಸಿಯೇ ಕರ್ಕೊಂಡು ಹೋಗಿದ್ದರು.

ಅಡುಗೆಯವನಿಗೋ ಕಂಡ ಕೋವಿಯ ನಳಿಗೆಯಲ್ಲೆಲ್ಲ ಇಣುಕುವ ಕುತೂಹಲ. ಜೋಡಿ ನಳಿಗೆಯದೊಂದರಲ್ಲಿ ಇಣುಕಿ, "ಇದಕ್ಕೆ ಯಾಕಣ್ಣ ಎಂಬತ್ತು ಸಾವಿರ?" ಅಂದ.

ವ್ಯಾಪಾರಿ ಮೀಸೆ ತಿರುವಿದ. "ಸೌಟು ಹಿಡಿಯೋನಿಗೇನು ಗೊತ್ತು? ಹನ್ನೊಂದು ಹುಲಿ ಹೊಡೆದ ಕೋವಿ ಇದು!"

"ಯಾವಾಗಣ್ಣ?"

"ಮೊನ್ನೆ ಮೊನ್ನೆವರೆಗೂ! ಕೊನೇದನ್ನ ನಾನೇ ಹೊಡೆದೆ."

ಅಡುಗೆಯವ ಬಾಗಿಲ ಬಳಿ ನಿಂತಿದ್ದ ಖಾಕಿ ಅಂಗಿಯವನತ್ತ ಕೈಬೀಸಿದ. "ಫಾರೆಸ್ಟ್ ಸಾರ್, ಬನ್ನಿ, ಇವರ ಹುಲಿ ಕಥೆ ಕೇಳಿ!"

ವ್ಯಾಪಾರಿ ಓಡಿ ಬಂದು ಅಡುಗೆಯವನ ಬಾಯಿ ಮುಚ್ಚಿದ. "ಸುಮ್ನಿರೋ ಮಾರಾಯ! ಇದು ಒಂದು ನೊಣವನ್ನೂ ಹೊಡೆದಿಲ್ಲ!"

"ನೊಣ ಹೊಡೆಯದ ಕೋವಿಗೆ ಎಂಬತ್ತು ಸಾವಿರವಾ?"

ನಲವತ್ತು ಸಾವಿರಕ್ಕೇ ಕೋವಿ ಮೊಣ್ಣಪ್ಪನವರ ಕೈ ಸೇರಿತು. ಅಷ್ಟರಲ್ಲಿ ಖಾಕಿಯವ ಹತ್ತಿರ ಬಂದು, "ಎಷ್ಟು ಟೀ ಕೊಡ್ಲಿ?" ಅಂದ.

ಈ ಟೀ ಮಾತು ನಾನು ಕಟ್ಟಿದ್ದು. ಆ ಖಾಕಿಯವ ನಿಜಕ್ಕೂ ಯಾರು ಅಂತ ಅಡುಗೆಯವನಿಗೂ ಗೊತ್ತಿಲ್ಲ. ಕೋವಿ ಕೈಗೆ ಬಂದ ಮೇಲೆ ಅದನ್ನ ಕೇಳೋಕೆ ಅಡುಗೆಯವ ಅಲ್ಲಿ ನಿಲ್ಲಲೇ ಇಲ್ಲ.