ಉಪ್ಪುಸೀಗಡಿ ಮರಿಯ ಬುತ್ತಿ

ಲೋಕ ಆಗಷ್ಟೇ ಹುಟ್ಟಿತ್ತು ನೋಡು ತಂಗೀ. ಕಡಲಿಗೆ ಉಪ್ಪು ಹಾಕಿ ಇನ್ನೂ ಸರಿಯಾಗಿ ಕದಡಿರಲಿಲ್ಲ. ಆವಾಗ ಗಾಳಿಗೂ ಮಾತು ಬರ್ತಿತ್ತು, ಮೀನಿಗೂ ಮಾತು ಬರ್ತಿತ್ತು. ಈಗ ನಿನಗೆ ಮಾತ್ರ ಬರೋದು, ಅದೂ ನಾನು ಕತೆ ಶುರು ಮಾಡಿದಾಗಲೇ. ಸುಮ್ಮನೆ ಕೂತು ಕೇಳು.

ಒಂದು ದಿನ ಕಡಲಮ್ಮ ತನ್ನ ಮಕ್ಕಳನ್ನೆಲ್ಲ ಕರೆದು, ಬುಟ್ಟಿ ತುಂಬ ತಂದಿದ್ದನ್ನು ಹಂಚಿದಳು. ಏಡಿಗೆ ಗಟ್ಟಿ ಚಿಪ್ಪು ಕೊಟ್ಟಳು. ದೊಡ್ಡ ಸೀಗಡಿಗೆ ತಲೆ ಮೇಲೊಂದು ಮುಳ್ಳು ಕೊಟ್ಟಳು. ಉಪ್ಪುಸೀಗಡಿ ಅಂತ ಒಂದಿತ್ತು, ಅಕ್ಕಿಕಾಳಿಗಿಂತ ಚೂರು ಉದ್ದ. ಅದು ಬೆನ್ನು ಕೆಳಗೆ ಮಾಡಿಕೊಂಡು, ಆಕಾಶ ನೋಡ್ತಾ ಈಜೋದು. ಹಾಗೆ ನೋಡ್ತಾ ನೋಡ್ತಾ ಬಂದು ಸೇರೋ ಹೊತ್ತಿಗೆ ಬುಟ್ಟಿ ಖಾಲಿ.

"ನನಗೆ?" ಅಂತು.

"ಏನೂ ಉಳಿದಿಲ್ವಲ್ಲ ಮಗಳೇ," ಕಡಲಮ್ಮನಿಗೆ ಬೇಜಾರಾಯ್ತು. "ಆ ದಂಡೆಯ ಆಚೆ ಒಂದಿಷ್ಟು ನೀರಿದೆ. ಭಾರಿ ಉಪ್ಪು, ಯಾವ ಮೀನೂ ಅಲ್ಲಿಗೆ ಬರಲ್ಲ. ಹೋಗಿ ಬದುಕಿಕೋ."

ಉಪ್ಪುಸೀಗಡಿ ಹೋಯ್ತು.

ಅಲ್ಲಿ ಬುದವಂತಿ ಅನ್ನೋ ಹೆಂಗಸು ಉಪ್ಪು ಮಾಡ್ತಿದ್ದಳು. ಮಣ್ಣಿನ ಬದು ಕಟ್ಟಿ, ಕಡಲ ನೀರು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ನೀರು ಆರಿದ ಮೇಲೆ ಹಲಗೆಯಿಂದ ಉಪ್ಪು ಎಳೆಯೋದು. ಉಪ್ಪಿನ ಆಗರ ಅಂದ್ರೆ ಅದೇ. ಬುದವಂತಿಗೆ ಒಂದು ಗುಣ ಇತ್ತು. ಉಪ್ಪಿನ ಒಂದು ಹರಳನ್ನೂ ಎಸೆಯೋಳಲ್ಲ. ಕೆಳಗೆ ಬಿದ್ದರೆ ಹೆಕ್ಕೋಳು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋಳು.

ಮಳೆಗಾಲ ಹತ್ತಿರ ಬಂತು. ಗಾಳಿ ಓಡಿ ಬಂದು ಹೇಳ್ತು, "ಅಕ್ಕಾ, ಬೇಗ ಬಾಚು. ನನ್ನ ಹಿಂದೆಯೇ ಮೋಡ ಬರ್ತಿದೆ."

ಬುದವಂತಿ ಗಡಿಬಿಡಿಯಲ್ಲಿ ಬಾಚಿದಳು. ಕೊನೆಯ ಮೂಲೆಯಲ್ಲಿ ಉಪ್ಪಿನ ಜೊತೆ ಕಂದು ಬಣ್ಣದ ಪುಡಿ ಸೇರಿಕೊಂಡುಬಿಡ್ತು, ರಾಗಿ ಹಿಟ್ಟಿನ ಹಾಗೆ. "ಥೂ, ಮಣ್ಣು ಬಂತು," ಅಂದಳು. ನಿಮ್ಮಮ್ಮ ಆಗಿದ್ರೆ ಅಲ್ಲೇ ಚೆಲ್ಲಿ ಬರ್ತಿದ್ದಳು. ಬುದವಂತಿಗೆ ಮನಸ್ಸು ಬರಲಿಲ್ಲ. ಉಪ್ಪು ಉಪ್ಪೇ ಅಂತ ಅದನ್ನೂ ಮಡಕೆಗೆ ತುಂಬಿ, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟಳು.

ಅದು ಮಣ್ಣಲ್ಲ ತಂಗೀ. ಉಪ್ಪುಸೀಗಡಿಯ ಮೊಟ್ಟೆ. ಹೊರಗೆ ಬಿಟ್ಟಿದ್ರೆ ಮಳೆಯ ಸಿಹಿನೀರಲ್ಲಿ ಕೊಚ್ಚಿಕೊಂಡು ಹೋಗಿ ಒಂದೂ ಉಳೀತಿರಲಿಲ್ಲ. ಅವಳಿಗೆ ಅದೆಲ್ಲ ಎಲ್ಲಿ ಗೊತ್ತು?

ಬುದವಂತಿಯ ಹಿತ್ತಲಲ್ಲಿ ಒಂದು ಕಲ್ಲಿನ ತೊಟ್ಟಿ. ಅದರಲ್ಲೊಂದು ತಾಯಿಮೀನು. ಆಗೆಲ್ಲ ಮೀನು ಅಂದ್ರೆ ಕೆಸರಿನ ಬಣ್ಣವೇ. ಜಡಿಮಳೆ ಹಿಡಿದಾಗ ಅದರ ಮರಿಗಳು ಹೊರಬಂದವು. ಬಾಯಿ ಎಷ್ಟು ಸಣ್ಣದು ಅಂತೀಯ, ಸೂಜಿಯ ಕಣ್ಣಿಗಿಂತ ಸಣ್ಣದು.

"ಅಕ್ಕಾ, ಮಕ್ಕಳು ಏನೂ ತಿಂತಿಲ್ಲ," ಅಂತು ತಾಯಿಮೀನು.

ಬುದವಂತಿ ಅಕ್ಕಿಹಿಟ್ಟು ಉದುರಿಸಿದಳು. ಹಿಟ್ಟು ತಳಕ್ಕೆ ಹೋಗಿ ಕೂತಿತು, ಮರಿಗಳು ತಿರುಗಿಯೂ ನೋಡಲಿಲ್ಲ. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಹಾಕಿದಳು. ನೀರು ಕೆಟ್ಟು ವಾಸನೆ ಬಂತು. ಎರಡು ಮರಿ ಸತ್ತವು. ಮಾರನೇ ದಿನ ಇನ್ನೂ ನಾಲ್ಕು.

"ಇವತ್ತು ತಿನ್ನದಿದ್ರೆ ನಾಳೆ ಒಂದೂ ಇರಲ್ಲ ಅಕ್ಕಾ," ಅಂತು ತಾಯಿಮೀನು. ಅಳೋದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ.

ಬುದವಂತಿ ಒಳಗೆ ಬಂದಳು. ಅಟ್ಟದಲ್ಲಿದ್ದ ಕೊಳೆ ಉಪ್ಪನ್ನು ಹಿಂದಿನ ದಿನ ನೀರಲ್ಲಿ ಕರಗಿಸಿ ಒಲೆಯ ಪಕ್ಕ ಇಟ್ಟಿದ್ದಳು, ಮಣ್ಣು ತಳಕ್ಕೆ ಇಳೀಲಿ ಅಂತ. ಮುಚ್ಚಳ ತೆಗೆದರೆ ಮಣ್ಣು ಇಳಿದಿರಲಿಲ್ಲ. ಕಿತ್ತಳೆ ಬಣ್ಣದ ಚುಕ್ಕಿಗಳಾಗಿ ನೀರು ತುಂಬ ಕುಣೀತಿತ್ತು.

"ದೊಡ್ಡಮ್ಮಾ," ಅಂತು ಒಂದು ಚುಕ್ಕಿ, "ನಾವು ಉಪ್ಪುಸೀಗಡಿಯ ಮರಿಗಳು. ಮಳೆಗೆ ಬಿಡದೆ ಬೆಚ್ಚಗೆ ಇಟ್ಟುಕೊಂಡೆಯಲ್ಲ, ನಿನ್ನಿಂದ ಬದುಕಿದ್ವಿ. ಯಾಕೆ ಮುಖ ಬಾಡಿದೆ?"

ಬುದವಂತಿ ತೊಟ್ಟಿಯ ಸಂಗತಿ ಹೇಳಿದಳು. ಮರಿಗೆ ಅರ್ಥ ಆಯ್ತು.

"ನಮ್ಮಲ್ಲಿ ಅರ್ಧ ಜನರನ್ನ ಅವಕ್ಕೆ ಕೊಡು," ಅಂತು. "ಅರ್ಧ ಜನರನ್ನ ಇಲ್ಲೇ ಇಟ್ಟುಕೊಂಡು, ಮಳೆ ನಿಂತ ಮೇಲೆ ಆಗರಕ್ಕೆ ಬಿಡು."

"ಅಯ್ಯೋ, ನೀವೂ ಒಬ್ಬ ತಾಯಿಯ ಮಕ್ಕಳೇ ಅಲ್ವೇ. ನಾನು ಹೇಗೆ ಕೊಡಲಿ?"

"ನೀನು ಎಸೆದಿದ್ರೆ ನಾವು ಯಾರೂ ಇರ್ತಿರಲಿಲ್ಲ. ಆದ್ರೆ ಕೊಡೋದಾದ್ರೆ ಇವತ್ತೇ ಕೊಡು ದೊಡ್ಡಮ್ಮಾ. ನಮಗೆ ಕೊಡೋಕೆ ನಮ್ಮ ಹೆತ್ತಮ್ಮನ ಹತ್ರ ಚಿಪ್ಪು ಇರಲಿಲ್ಲ, ಮುಳ್ಳೂ ಇರಲಿಲ್ಲ. ಅದಕ್ಕೆ ತನ್ನ ಮೈಯ ಎಣ್ಣೆ, ಸತ್ವ, ಬಣ್ಣ ಎಲ್ಲ ಸೇರಿಸಿ ಒಬ್ಬೊಬ್ಬರ ಹೊಟ್ಟೆಯಲ್ಲೂ ಬುತ್ತಿ ಕಟ್ಟಿ ಕಳಿಸಿದ್ದಾಳೆ. ನಾಳೆ ಹೊತ್ತಿಗೆ ಅದನ್ನ ನಾವೇ ಖರ್ಚು ಮಾಡಿರ್ತೀವಿ. ಆಮೇಲೆ ಕೊಟ್ಟರೆ ಆ ಮರಿಗಳ ಹೊಟ್ಟೆ ತುಂಬಿದರೂ ಮೈಗೆ ಹತ್ತಲ್ಲ."

ಪಾಪ ಅಲ್ವಾ ಅಂತ ಕೇಳ್ತೀಯಲ್ಲ, ಪಾಪವೇ. ಬುದವಂತಿ ಸೆರಗು ಬಾಯಿಗೆ ಹಿಡಿದು ಅತ್ತಳು. ಅತ್ತು, ಆಮೇಲೆ ಎದ್ದಳು. ತೆಳ್ಳಗಿನ ಬಟ್ಟೆಯಲ್ಲಿ ಅರ್ಧ ಮರಿಗಳನ್ನು ಸೋಸಿ, ಸಿಹಿನೀರಲ್ಲಿ ಉಪ್ಪು ತೊಳೆದು, ತೊಟ್ಟಿಗೆ ಬಿಟ್ಟಳು.

ಹಿಟ್ಟು ಸುಮ್ಮನೆ ಬಿದ್ದಿತ್ತು. ಇದು ಕುಣೀತಿತ್ತು. ಕುಣಿಯೋದು ಕಣ್ಣಿಗೆ ಬಿದ್ದದ್ದೇ ಒಂದು ಮೀನುಮರಿ ಗಬಕ್ಕನೆ ಬಾಯಿ ಹಾಕಿತು. ಇನ್ನೊಂದು ಹಾಕಿತು. ತಳದಲ್ಲಿ ಬಿದ್ದುಕೊಂಡಿದ್ದ, ಇನ್ನೇನು ಹೋಯ್ತು ಅಂದುಕೊಂಡಿದ್ದ ಮರಿಯೂ ಮೆಲ್ಲಗೆ ಎದ್ದು ಒಂದನ್ನು ಹಿಡೀತು. ಗಾಜಿನ ಹಾಗಿದ್ದ ಅವುಗಳ ಮೈಯೊಳಗೆ ಹೊಟ್ಟೆ ದುಂಡಗಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೆಳಗಾದಾಗ ತಾಯಿಮೀನು ಎಣಿಸಿ ನೋಡಿತು. ಒಂದೂ ಸತ್ತಿರಲಿಲ್ಲ.

"ಅಕ್ಕಾ, ಆ ಸೀಗಡಿ ತಾಯಿಗೆ ನಾನು ಏನು ಕೊಡಲಿ?"

"ಏನು ಕೊಡ್ತೀಯ? ಆಗರದ ನೀರಿಗೆ ಹೋದ್ರೆ ನೀನೇ ಉಳಿಯಲ್ಲ."

ತಾಯಿಮೀನು ತನ್ನ ಮಕ್ಕಳ ಕಿತ್ತಳೆ ಹೊಟ್ಟೆಗಳನ್ನ ನೋಡ್ತು. "ಹಾಗಾದ್ರೆ ಆ ಬುತ್ತಿಯ ಬಣ್ಣವನ್ನ ನನ್ನ ಮಕ್ಕಳು ಮೈಮೇಲೆ ಹೊತ್ತು ತಿರುಗಲಿ. ಯಾರ ಅನ್ನ ತಿಂದು ಬದುಕಿದ್ವಿ ಅಂತ ನೋಡಿದವರಿಗೆಲ್ಲ ಗೊತ್ತಾಗಲಿ," ಅಂತು. ಮರಿಗಳು ಬೆಳೀತಾ ಬೆಳೀತಾ ಕೆಂಪಾದವು.

ಮಳೆ ನಿಂತ ಮೇಲೆ ಬುದವಂತಿ ಉಳಿದ ಅರ್ಧವನ್ನು ಆಗರಕ್ಕೆ ಬಿಟ್ಟು ಕೈಮುಗಿದು ಬಂದಳು.

ಅದಕ್ಕೇ ತಂಗೀ, ಅಂಗಡಿಯಿಂದ ತಂದ ಉಪ್ಪುಸೀಗಡಿ ಮೊಟ್ಟೆಯ ಕಂದು ಪುಡಿಯನ್ನು ಉಪ್ಪುನೀರಿಗೆ ಹಾಕಿದ ಮೇಲೆ, ಮರಿ ಹೊರಬಂದ ದಿನವೇ ಮೀನಿಗೆ ಕೊಡು ಅಂತ ನಾನು ನಿನ್ನ ಬೆನ್ನು ಹತ್ತೋದು. ನಿನ್ನ ಗಾಜಿನ ಪೆಟ್ಟಿಗೆಯ ಮೀನುಮರಿಯ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣ ಕಾಣ್ತಿದೆಯಲ್ಲ, ಅದು ಇನ್ನೊಬ್ಬ ತಾಯಿ ತನ್ನ ಮಗುವಿಗೆ ಅಂತ ಕಟ್ಟಿದ್ದ ಬುತ್ತಿ.