ಆದ ಮೇಲೆ ಬರೆದ ತಲೆಬರಹ

ಹೂಂ ಅನ್ನುವವರು ಹತ್ತಿರ ಬನ್ನಿ. ಗುರುಪಾದ ಅಂತ ಒಬ್ಬ ಪೆದ್ದನಿದ್ದ, ಅವನಿಗೆ ತಿಪ್ಪವ್ವ ಅಂತ ಒಬ್ಬ ತಾಯಿ. ಅಪ್ಪ ಈರಪ್ಪ ನಾಟಕ ಕಂಪನಿಯ ಪೇಟಿ ಮಾಸ್ತರ. ಮಗ ತೊಟ್ಟಿಲಲ್ಲಿದ್ದಾಗಲೇ ಒಂದು ಜಗಳದ ಸಿಟ್ಟಿಗೆ ಹಾರ್ಮೋನಿಯಂ ಪೇಟಿ ಹೊತ್ತು ಹೋದವನು, ಕರೆಯದೆ ಬರುವ ಜಾತಿಯಲ್ಲ. ಕರೆಯೋಣವೆಂದರೆ ಕಂಪನಿ ಇವತ್ತು ಈ ಊರು, ನಾಳೆ ಆ ಊರು. ಸಂತೆಯಲ್ಲಿ ಎಲ್ಲೋ ಪೇಟಿ ಸದ್ದು ಕೇಳಿದರೆ ತಿಪ್ಪವ್ವ ಕೊಂಡ ಉಳ್ಳಾಗಡ್ಡಿ ಅಲ್ಲೇ ಬಿಟ್ಟು ಅತ್ತ ನಡೆಯುತ್ತಿದ್ದಳು.

"ಏನಾರ ಕೆಲಸ ಕಲಿಯೋ, ಹೆಡ್ಡಾ!" ಅಂತ ಮಗನನ್ನು ಸಂಜೆಪತ್ರಿಕೆಯ ಪ್ರೆಸ್ಸಿಗೆ ಅಟ್ಟಿದಳು. ಬಸ್ ಸ್ಟ್ಯಾಂಡಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಲೆಬರಹ ಬರೆಯುವ ಕೆಲಸ. ಅದನ್ನು ಓದಿದವರು ಪೇಪರು ಕೊಳ್ಳಬೇಕು.

ಗುರುಪಾದ ಸುದ್ದಿಯನ್ನೆಲ್ಲ ಬರೆದ. ಊರೆಲ್ಲ ನಿಂತು ಓದಿತು, ಪೇಪರು ಯಾರೂ ಕೊಳ್ಳಲಿಲ್ಲ. ಸಂಪಾದಕ ಚನ್ನಮಲ್ಲಪ್ಪ ಕೂಗಾಡಿದ: "ಎರಡೇ ಮಾತು ಸಾಕಲೇ, ಹುಚ್ಚಪ್ಪಾ!"

"ಆಗಲ್ರೀ!"

ಮರುದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ ಅಂತ ಸುದ್ದಿ. ಗುರುಪಾದ ಬರೆದ: "ನಾಳೆ ನೀರು." ಊರಿನ ಕೊಡಗಳೆಲ್ಲ ಮೊದಲು ನಲ್ಲಿಯ ಮುಂದೆ ಸಾಲುಗಟ್ಟಿದವು, ಆಮೇಲೆ ಪ್ರೆಸ್ಸಿನ ಮುಂದೆ.

"ಯಾರು, ಎಲ್ಲಿ, ಯಾವಾಗ, ಏನು, ಎಲ್ಲಾ ಇರಬೇಕಲೇ, ಕತ್ತೆ!"

"ಆಗಲ್ರೀ!"

ಇಸ್ಪೀಟು ಅಡ್ಡೆಯ ಮೇಲೆ ದಾಳಿ ಮಾಡುವ ಗುಟ್ಟನ್ನು ಪೊಲೀಸ್ ಫೌಜದಾರರು ಸಂಪಾದಕನಿಗೆ ಹೇಳಿದ್ದರು. ಗುರುಪಾದನ ಕಿವಿಗೂ ಬಿತ್ತು. ಬರೆದ: "ಫೌಜದಾರರು, ಅಕ್ಕಸಾಲಿಗರ ಓಣಿ, ಸಂಜೆ ಆರಕ್ಕೆ, ಇಸ್ಪೀಟು ದಾಳಿ." ಫೌಜದಾರರು ಹೋದಾಗ ಅಲ್ಲಿ ಭಜನೆ ನಡೆದಿತ್ತು.

"ಆಗೋದನ್ನ ಬರೀಬ್ಯಾಡ! ಆದಮ್ಯಾಲೆ ಬರಿ!"

"ಆಗಲ್ರೀ!"

ಆ ವಾರವೇ ಗೊತ್ತಾಯಿತು: ನಾಟಕ ಕಂಪನಿಯ ಲಾರಿ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಚಹಾಕ್ಕೆ ನಿಲ್ಲುತ್ತದಂತೆ. ತಾನಾಗಿ ಹೋಗಿ ಕರೆಯಲಾರೆನೆಂದು ತಿಪ್ಪವ್ವನಿಗೂ ಹಟ.

"ಮಗನೇ, 'ಪೇಟಿ ಮಾಸ್ತರ ಈರಪ್ಪ ಮನೆಗೆ ಬಂದ' ಅಂತ ದಪ್ಪಗೆ ಬರಿ. ತನ್ನ ಹೆಸರು ಕಂಡ್ರ ನಿಲ್ಲದ ಗಂಡಸಿಲ್ಲ. ನಕ್ಕೋತ ಬರ್ತಾನ!"

ಮನೆ ಸಾರಿಸಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಬಾಗಿಲಲ್ಲಿ ಕೂತಳು.

ಲಾರಿ ನಿಂತಿತು. ಪೇಟಿ ಹೆಗಲಿಗೇರಿಸಿ ಈರಪ್ಪ ಇಳಿದ.

"ತಮ್ಮಾ, ಹಲಗಿ ಯಾಕ ಖಾಲಿ?"

"ಇನ್ನೂ ಆಗಿಲ್ರೀ."

ಈರಪ್ಪ ಚಹಾ ಕುಡಿದ. ಮತ್ತೆ ಹಲಗೆ ನೋಡಿದ. ತನ್ನ ಮನೆಯ ಓಣಿಯ ಕಡೆ ನೋಡಿದ.

"ಈರಪ್ಪ ಮಾಸ್ತರ, ಹತ್ರೀ!" ಡ್ರೈವರ್ ಹಾರ್ನ್ ಹೊಡೆದ. ಹತ್ತಿದ. ಹೋದ.

ಧೂಳು ಇಳಿದ ಮೇಲೆ ಗುರುಪಾದ ದಪ್ಪಗೆ ಬರೆದ, ಹಲಗೆಯನ್ನೇ ತಲೆಯ ಮೇಲೆ ಹೊತ್ತು ಮನೆಗೆ ಓಡಿದ.

"ಯವ್ವಾ, ಈ ಸಲ ಒಂದೂ ತಪ್ಪಿಲ್ಲ ಕೇಳು! 'ಪೇಟಿ ಮಾಸ್ತರ ಈರಪ್ಪ ಬಸ್ ಸ್ಟ್ಯಾಂಡಿಗೆ ಈಗಷ್ಟೇ ಬಂದು ಹೋದ!'"

ತಿಪ್ಪವ್ವ ಬೈಯಲಿಲ್ಲ. ಎದ್ದು ಎಣ್ಣೆಗಾಯಿಗೆ ತಟ್ಟೆ ಮುಚ್ಚಿ ಕೇಳಿದಳು: "ಸೊರಗ್ಯಾನೇನೋ?"

"ಅದಕ್ಕ ಹಲಗಿ ಮ್ಯಾಲೆ ಜಾಗ ಉಳೀಲಿಲ್ಲವ್ವಾ!"