ಕಪ್ಪು ಕೊಂಬೆ

ಇನ್‌ಫ್ರಾರೆಡ್ ಫೋಟೋದಲ್ಲಿ ಜೀವವಿರುವ ಎಲೆಗಳು ಹತ್ತಿಯ ಹಾಗೆ ಬೆಳ್ಳಗೆ ಕಾಣುತ್ತವೆ. ಶಾಲೆಯಂಗಳದ ಹೊಂಗೆಮರದ ಅಂಥದೊಂದು ಫೋಟೋದಲ್ಲಿ ಒಂದು ಕೊಂಬೆ ಮಾತ್ರ ಕಪ್ಪಗಿತ್ತು.

ಅದನ್ನು ತಿದ್ದಲು ಬಂದ ಸಾಫ್ಟ್‌ವೇರಿನ ಬ್ರಶ್ ಕೇಳಿತು: "ಇದೇನು ಗಲೀಜು?"

"ಗಲೀಜಲ್ಲ ಸ್ವಾಮಿ. ನನ್ನನ್ನು ಒಳಗೊಳಗೇ ಹುಳ ತಿಂದಿದೆ. ಬರಿಗಣ್ಣಿಗೆ ನಾನಿನ್ನೂ ಹಸಿರು. ಕೆಳಗೆ ಮಕ್ಕಳು ಊಟಕ್ಕೆ ಕೂರುತ್ತಾರೆ, ದಯವಿಟ್ಟು ಅಳಿಸಬೇಡಿ," ಎಂದಿತು ಕೊಂಬೆ.

"ನನಗೆ ಫೋಟೋ ಚೆಂದ ಕಂಡರೆ ಸಾಕು," ಎನ್ನುತ್ತ ಬ್ರಶ್ ಪಕ್ಕದ ಎಲೆಗಳ ಬಿಳುಪನ್ನು ತಂದು ಅದರ ಮೇಲೆ ಮೆತ್ತಿತು. ಫೋಟೋ ಹೆಡ್‌ಮಾಸ್ತರರ ಕೋಣೆಯ ಗೋಡೆ ಏರಿತು. ನೋಡಿದವರೆಲ್ಲ ಮೆಚ್ಚಿದರು.

ಆಷಾಢದ ಗಾಳಿಗೆ, ಊಟದ ಹೊತ್ತಿನಲ್ಲೇ, ಕೊಂಬೆ ಮುರಿದು ಬಿತ್ತು.

ಆಮೇಲೆ ಅದೇ ಅಂಗಳದ ಇನ್ನೊಂದು ಫೋಟೋ ಬ್ರಶ್ಶಿನ ಮುಂದೆ ಬಂತು. ಮರದ ಬುಡದಲ್ಲಿ ಒಂದು ಪುಟ್ಟ ಚಪ್ಪಲಿ ಬಿದ್ದಿತ್ತು.

"ಇದೇನು ಗಲೀಜು?" ಎಂದು ಬ್ರಶ್ ಅದನ್ನೂ ಅಳಿಸಿತು.